ಓಗೊಡುವವರು ಯಾರು? ಪರದೆಯ ಕಾಲದಲ್ಲಿ ಮುಂಬಯಿಯ ಕನ್ನಡ ಮಕ್ಕಳು



ಕನ್ನಡದಲ್ಲಿ ‘ಓಗೊಡು’ ಎಂಬ ಕ್ರಿಯಾಪದವಿದೆ. ಯಾರಾದರೂ ಹೆಸರು ಹಿಡಿದು ಕೂಗಿದಾಗ ‘ಓ’ ಎನ್ನುವುದೇ ಓಗೊಡುವುದು. ‘ಉತ್ತರಿಸು’ ಎಂಬ ಮಾತಿಗೂ ಇದಕ್ಕೂ ತೆಳ್ಳಗಿನ ಒಂದು ಅಂತರವಿದೆ. ಉತ್ತರ ಸಲ್ಲುವುದು ಪ್ರಶ್ನೆಗೆ, ‘ಓ’ ಸಲ್ಲುವುದು ಕರೆದವರಿಗೆ. ‘ಓ’ ಎಂದವರು ಇನ್ನೂ ಏನನ್ನೂ ಹೇಳಿರುವುದಿಲ್ಲ. ಕೇಳಿಸಿತು, ಇಲ್ಲೇ ಇದ್ದೇನೆ, ಕೈಯಲ್ಲಿದ್ದ ಕೆಲಸ ಬಿಟ್ಟು ನಿನ್ನ ಕಡೆ ತಿರುಗಿದ್ದೇನೆ ಎಂದಷ್ಟೇ ತಿಳಿಸಿರುತ್ತಾರೆ.

ಡಿಜಿಟಲ್ ಯುಗದಲ್ಲಿ ಮಕ್ಕಳ ಕಲಿಕೆ ಮತ್ತು ಬೆಳವಣಿಗೆ ಎಂಬುದು ಇಂದಿನ ನನ್ನ ವಿಷಯ. ಮೊಬೈಲನ್ನು ಶಪಿಸುವ ಭಾಷಣಗಳನ್ನು ತಾವೆಲ್ಲ ಸಾಕಷ್ಟು ಕೇಳಿದ್ದೀರಿ, ಬಹುಶಃ ಮೊಬೈಲಿನಲ್ಲಿಯೇ. ಅದನ್ನು ಹೊಗಳುವ ಜಾಹೀರಾತುಗಳಿಗೂ ಕೊರತೆಯಿಲ್ಲ. ಈ ಎರಡು ದನಿಗಳ ನಡುವೆ ಸಿಕ್ಕಿಕೊಂಡ ತಂದೆತಾಯಂದಿರು ಕೇಳುವುದು ಒಂದೇ ಪ್ರಶ್ನೆ: ಮಗು ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಬಹುದು? ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ವೈದ್ಯರು ಕೊಟ್ಟಿರುವ ಉತ್ತರವನ್ನು ಮುಂದೆ ತಮ್ಮ ಗಮನಕ್ಕೆ ತರುತ್ತೇನೆ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮಗು ಕರೆದಾಗ ಓಗೊಡುವವರು ಯಾರು? ಯಾವ ಸಾಧನ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ನಾನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡಲು ಬಯಸುತ್ತೇನೆ.

ಒಂದು: ರಾತ್ರಿಶಾಲೆಯ ಹಾಜರಿ ಪುಸ್ತಕ

ಅನನುಕೂಲದ ನಡುವೆ ಕಲಿಯುವುದು ಈ ನಗರದ ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ದುಡಿಯುವವರಿಗಾಗಿ ಜ್ಯೋತಿರಾವ್ ಫುಲೆ ಅವರು 1855ರಲ್ಲಿ ಪುಣೆಯಲ್ಲಿ ರಾತ್ರಿಶಾಲೆ ತೆರೆದರು. ಆ ಬೀಜ ಮುಂಬಯಿಯ ಕನ್ನಡಿಗರಲ್ಲಿ ಮೊಳೆತ ಬಗೆ ನಮ್ಮ ಸಾಮಾಜಿಕ ಚರಿತ್ರೆಯ ದೊಡ್ಡ ಅಧ್ಯಾಯ. ಕರಾವಳಿಯಿಂದ ಮೊದಲು ಹಡಗಿನಲ್ಲಿ, ಬಳಿಕ ಬಸ್ಸಿನಲ್ಲಿ ಬಂದಿಳಿದ ಹುಡುಗರು ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿದರು, ಕಪ್ಪು-ಬಸಿ ತೊಳೆದರು, ಆಫೀಸುಗಳ ಮೆಟ್ಟಿಲು ಹತ್ತಿ ಚಹಾ ಕೊಟ್ಟು ಬಂದರು. ಸಂಜೆ ಕೈಕಾಲು ತೊಳೆದು, ಇದ್ದ ಒಂದು ಒಳ್ಳೆಯ ಅಂಗಿ ತೊಟ್ಟು ಶಾಲೆಗೆ ಹೊರಟರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ನಡೆಸಿದ ರಾತ್ರಿ ಪ್ರೌಢಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮುಂತಾದವು ಹೀಗೆ ಬಂದವರನ್ನು ಓದಿಸಿದವು. ಅಲ್ಲಿ ಕಲಿತವರು ಬ್ಯಾಂಕಿನ ಅಧಿಕಾರಿಗಳಾದರು, ವಕೀಲರಾದರು, ಹೋಟೆಲಿನ ಮಾಲೀಕರಾದರು, ಲೇಖಕರೂ ಆದರು.

ಆ ಶಾಲೆಗಳಲ್ಲಿ ಇದ್ದದ್ದಾದರೂ ಏನು? ಹಗಲು ಬೇರೆ ಶಾಲೆ ನಡೆದ ಕೋಣೆ, ಮಂಕು ದೀಪ, ತೂಕಡಿಸುವ ವಿದ್ಯಾರ್ಥಿಗಳು. ಪಾಠ ಹೇಳುವವರೂ ಹಗಲು ಬೇರೆಲ್ಲೋ ದುಡಿದು ದಣಿದವರು. ಇಂದಿನ ಅಳತೆಗೋಲಿನಲ್ಲಿ ‘ಸೌಲಭ್ಯ’ ಎಂದು ಕರೆಯಬಹುದಾದದ್ದು ಹೆಚ್ಚೇನೂ ಇರಲಿಲ್ಲ.

ಅಲ್ಲಿದ್ದ ಒಂದು ವಸ್ತುವನ್ನು ಮಾತ್ರ ಹತ್ತಿರದಿಂದ ನೋಡೋಣ. ಅದು ಹಾಜರಿ ಪುಸ್ತಕ. ಹಗಲೆಲ್ಲ ಆ ಹುಡುಗನನ್ನು ಹೆಸರಿನಿಂದ ಕರೆದವರಿಲ್ಲ. ಅವನು ‘ಏ ಮಾಣಿ’, ಇಲ್ಲವೇ ಹೊರಗೆ ಚಹಾ ಒಯ್ಯುವ ‘ಬಾಹರ್‌ವಾಲಾ’. ಸಂಜೆ ಏಳರ ಹೊತ್ತಿಗೆ ಒಬ್ಬರು ಮೇಷ್ಟರು ಆ ಉದ್ದನೆಯ ಪುಸ್ತಕ ಬಿಡಿಸಿ ಅವನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಸೇರಿಸಿ ಕೂಗುತ್ತಿದ್ದರು. ಅವನು ಎದ್ದು ನಿಂತು ಓಗೊಡುತ್ತಿದ್ದ. ಎರಡು ದಿನ ಬಾರದಿದ್ದರೆ ‘ಎಲ್ಲಿ ಹೋದ?’ ಎಂದು ವಿಚಾರಿಸುವವರಿದ್ದರು. ರಾತ್ರಿಶಾಲೆ ಕಲಿಸಿದ ಗಣಿತ, ಇಂಗ್ಲಿಷುಗಳಿಗಿಂತ ಮೊದಲು ಕಲಿಸಿದ್ದು ಇದನ್ನು: ಈ ಮಹಾನಗರದಲ್ಲಿ ನೀನು ಇದ್ದೀಯೋ ಇಲ್ಲವೋ ಎಂಬುದು ಒಬ್ಬರಿಗಾದರೂ ಮುಖ್ಯ. ಕಲಿಕೆಯ ತಳಪಾಯ ಇದೇ ಎಂಬುದು ನನ್ನ ವಾದ. ಇಂದಿನ ಮಕ್ಕಳ ಮನಶ್ಶಾಸ್ತ್ರ ಬೇರೆ ದಾರಿಯಿಂದ ಬಂದು ಇದೇ ಜಾಗದಲ್ಲಿ ನಿಂತಿದೆ.

ಎರಡು: ಮಾತು ಹುಟ್ಟುವ ಬಗೆ

ತುತ್ತಿನ ಹೊತ್ತನ್ನು ನೆನಪಿಸಿಕೊಳ್ಳಿ. ಹಿಂದೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಕಾಗೆ, ಬೆಕ್ಕು, ಚಂದ್ರನನ್ನು ತೋರಿಸುತ್ತ ಉಣ್ಣಿಸುತ್ತಿದ್ದರು. ಮುಂಬಯಿಯ ಖೋಲಿಗೆ ಅಂಗಳವಿಲ್ಲದಿದ್ದರೂ ಕಿಟಕಿ ಇತ್ತು. ಗ್ರಿಲ್ಲಿನ ಮೇಲೆ ಪಾರಿವಾಳ, ಆಚೆ ಹಳಿಯ ಮೇಲೆ ಲೋಕಲ್ ರೈಲು. ಮಗು ಬೆರಳು ಚಾಚುತ್ತದೆ, ತಾಯಿ ಆ ಬೆರಳಿನ ದಿಕ್ಕಿಗೆ ನೋಡುತ್ತಾಳೆ, ‘ಹೌದು, ಪಾರಿವಾಳ! ಹಾರಿತು ನೋಡು’ ಎನ್ನುತ್ತಾಳೆ. ಬಾಯಿ ತೆರೆದ ಗಳಿಗೆಯಲ್ಲಿ ತುತ್ತು ಒಳಗೆ. ಈಗ ನೀರಿನ ಲೋಟಕ್ಕೆ ಆನಿಸಿಟ್ಟ ಫೋನು. ಅದರಲ್ಲಿ ಬಣ್ಣದ ಬೊಂಬೆಗಳು ಹಾಡುತ್ತವೆ. ಮಗುವಿನ ಕಣ್ಣು ಅಲ್ಲಿ ನೆಟ್ಟಿದೆ, ಬಾಯಿ ತಾನಾಗಿ ತೆರೆಯುತ್ತದೆ, ಚಮಚ ಹೋಗಿ ಬರುತ್ತದೆ. ಊಟ ಬೇಗ ಮುಗಿಯುತ್ತದೆ, ನಿಜ. ಆದರೆ ಬೆರಳು ಚಾಚುವುದು ನಿಂತಿದೆ. ಚಾಚಿದರೂ ಬೊಂಬೆ ಆ ಬೆರಳನ್ನು ನೋಡುವುದಿಲ್ಲ.

ಇದು ಬರಿಯ ಹಳೆಯ ಕಾಲದ ಹಂಬಲವಲ್ಲ. 2003ರಲ್ಲಿ ಅಮೆರಿಕದ ಸಂಶೋಧಕಿ ಪ್ಯಾಟ್ರಿಶಿಯಾ ಕೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಸಲ ಚೀನೀ ಭಾಷೆ ಕೇಳಿಸಿದರು. ಒಂದು ಗುಂಪಿನ ಎದುರು ಚೀನೀ ಮಾತನಾಡುವವರು ಖುದ್ದಾಗಿ ಕೂತು ಆಟವಾಡಿಸಿದರು, ಇನ್ನೊಂದು ಗುಂಪು ಅದೇ ಮಾತುಗಳನ್ನು ಟಿ.ವಿ.ಯಲ್ಲಿ ಕಂಡಿತು. ಮೊದಲ ಗುಂಪಿನ ಕಂದಮ್ಮಗಳು ಆ ಭಾಷೆಯ ಸೂಕ್ಷ್ಮ ಧ್ವನಿಭೇದವನ್ನು ಗುರುತಿಸಲು ಕಲಿತರು. ಟಿ.ವಿ. ಕಂಡವರು ಏನನ್ನೂ ಕಲಿಯಲಿಲ್ಲ. ಮಾತು, ದನಿ ಎರಡೂ ಒಂದೇ ಆಗಿದ್ದರೂ ಓಗೊಡುವ ಜೀವ ಒಂದು ಕಡೆ ಮಾತ್ರ ಇತ್ತು.

ಹಾಗಾದರೆ ಪರದೆಯೇ ದೋಷವೇ? 2014ರ ಮತ್ತೊಂದು ಅಧ್ಯಯನ ಈ ಗಂಟನ್ನು ಬಿಡಿಸುತ್ತದೆ. ಎರಡು-ಎರಡೂವರೆ ವರುಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಬಗೆಯಲ್ಲಿ ಕಲಿಸಿ ನೋಡಿದರು: ಎದುರು ಕೂತು, ವೀಡಿಯೊ ಕರೆಯಲ್ಲಿ, ಮುಂಚೆಯೇ ಚಿತ್ರಿಸಿಟ್ಟ ವೀಡಿಯೊದಲ್ಲಿ. ಎದುರು ಕೂತವರಿಂದಲೂ ವೀಡಿಯೊ ಕರೆಯಲ್ಲಿದ್ದವರಿಂದಲೂ ಮಕ್ಕಳು ಕಲಿತರು. ಚಿತ್ರಿಸಿಟ್ಟದ್ದರಿಂದ ಕಲಿಯಲಿಲ್ಲ. ವೀಡಿಯೊ ಕರೆ, ಚಿತ್ರಿಸಿಟ್ಟ ವೀಡಿಯೊ ಎರಡರಲ್ಲೂ ಅದೇ ಗಾಜಿನ ಪರದೆ. ಆದರೆ ಒಂದರ ಹಿಂದೆ ಇರುವವರು ಮಗು ನಕ್ಕರೆ ನಗುತ್ತಾರೆ, ‘ಏನು?’ ಎಂದರೆ ಇನ್ನೊಮ್ಮೆ ಹೇಳುತ್ತಾರೆ. ಕುಂದಾಪುರದಲ್ಲಿರುವ ಅಜ್ಜಿ ಫೋನಿನಲ್ಲಿ ಬಂದು ‘ನಿನ್ನೆ ಬಿದ್ದ ಗಾಯ ತೋರಿಸು ಮಗಾ’ ಎಂದಾಗ ಆಗುವುದು ಕಲಿಕೆ. ಅದೇ ಫೋನಿನಲ್ಲಿ ತಾನಾಗಿ ಒಂದರ ಹಿಂದೊಂದು ಓಡುವ ಹಾಡುಗಳಿಂದ ಅದು ಆಗದು.

ಇದರ ಇನ್ನೊಂದು ಮಗ್ಗುಲು ದೊಡ್ಡವರಿಗೆ ಸಂಬಂಧಿಸಿದ್ದು. ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ, ಸ್ಮಾರ್ಟ್‌ಫೋನಿನ ಕನಸೂ ಇಲ್ಲದಿದ್ದಾಗ, ಸರಳವಾದ ಒಂದು ಪ್ರಯೋಗ ಮಾಡಿದರು. ಮಗುವಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಎರಡು-ಮೂರು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ಕೂರಬೇಕು. ಮಗು ಮೊದಲು ನಕ್ಕು ಕರೆಯುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಕೊನೆಗೆ ಮುಖ ತಿರುಗಿಸಿಕೊಂಡು ಅಳುತ್ತದೆ, ಇಲ್ಲವೇ ಕುಗ್ಗುತ್ತದೆ. ಫೋನಿನೊಳಗೆ ಮುಳುಗಿದ ನಮ್ಮ ಮುಖ ಎದುರಿನ ಮಗುವಿಗೆ ಹೇಗೆ ಕಾಣುತ್ತದೆಂಬುದನ್ನು ಇದರಿಂದ ಊಹಿಸಬಹುದು. ಮಕ್ಕಳ ಪರದೆಯ ಹೊತ್ತನ್ನು ಲೆಕ್ಕ ಹಾಕುವ ನಾವು ನಮ್ಮದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ.

ಮೂರು: ಯಂತ್ರವೂ ಮೇಷ್ಟರೂ

ಶಾಲೆಯ ವಯಸ್ಸಿಗೆ ಬರೋಣ. 2015ರಲ್ಲಿ ಮುಂಬಯಿ ಮಹಾನಗರಪಾಲಿಕೆ ತನ್ನ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಪಠ್ಯ ತುಂಬಿದ ಟ್ಯಾಬ್‌ಗಳನ್ನು ಹಂಚಿತು. ಪಾಟಿಚೀಲದ ಭಾರ ಇಳಿಸುವುದು ಆ ಯೋಜನೆಯ ಮುಖ್ಯ ಉದ್ದೇಶವಾಗಿತ್ತು. ಬಡವರ ಮಕ್ಕಳ ಕೈಗೂ ಹೊಸ ಸಾಧನ ಬರಲಿ ಎಂಬ ಆಶಯ ಸ್ತುತ್ಯವಾದದ್ದು, ಹೆಗಲಿನ ಭಾರ ಇಳಿಯುವುದೂ ಒಳ್ಳೆಯದೇ. ಆದರೆ ಸಾಧನವೊಂದೇ ಕಲಿಸಬಲ್ಲದೇ ಎಂಬ ಪ್ರಶ್ನೆಗೆ ಜಗತ್ತಿನ ಅನುಭವ ಎಚ್ಚರಿಕೆಯ ಉತ್ತರ ಕೊಟ್ಟಿದೆ. ಪೆರು ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪುಗಳನ್ನು ಹಂಚಿದರೂ ಪಾಠದ ಕ್ರಮದೊಳಗೆ ಅವನ್ನು ಸೇರಿಸದ ಕಾರಣ ಕಲಿಕೆ ಸುಧಾರಿಸಲಿಲ್ಲ ಎಂದು ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ದಾಖಲಿಸಿದೆ.

‘ಮಕ್ಕಳು ತಾವಾಗಿಯೇ ಕಲಿಯುತ್ತಾರಲ್ಲ’ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. 1999ರಲ್ಲಿ ದಿಲ್ಲಿಯ ಕಾಲ್ಕಾಜಿಯಲ್ಲಿ ಸಂಶೋಧಕ ಸುಗತ ಮಿತ್ರ ಅವರು ಕೊಳೆಗೇರಿಗೆ ಮುಖ ಮಾಡಿದ ಗೋಡೆಯಲ್ಲಿ ಕಂಪ್ಯೂಟರೊಂದನ್ನು ಹುದುಗಿಸಿಟ್ಟಾಗ, ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ಬಳಸಲು ಕಲಿತದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆ ಕತೆಯ ಎರಡನೆಯ ಭಾಗ ಅಷ್ಟು ಪ್ರಚಾರ ಪಡೆಯಲಿಲ್ಲ. ಮುಂದೆ ದಕ್ಷಿಣ ಭಾರತದ ಕಲಿಕುಪ್ಪಂ ಎಂಬ ಹಳ್ಳಿಯಲ್ಲಿ ಅವರೇ ನಡೆಸಿದ ಪ್ರಯೋಗದಲ್ಲಿ ಮಕ್ಕಳು ತಾವಾಗಿ ಒಂದು ಮಟ್ಟದವರೆಗೆ ಕಲಿತು ಅಲ್ಲಿಗೆ ನಿಂತರು. ಆಮೇಲೆ ಆ ವಿಷಯದ ಗಂಧವೇ ಇಲ್ಲದವರೊಬ್ಬರನ್ನು ಜೊತೆಗಿಟ್ಟರು. ಬೆನ್ನ ಹಿಂದೆ ನಿಂತು ‘ಅಬ್ಬ! ಇದು ಹೇಗೆ ಮಾಡಿದಿ? ನನಗೂ ತೋರಿಸು’ ಎನ್ನುವುದಷ್ಟೇ ಅವರ ಕೆಲಸ. ಮಕ್ಕಳ ಅಂಕ ಮತ್ತೆ ಏರಿತು. ಅಜ್ಜಿಯಂದಿರು ಮೊಮ್ಮಕ್ಕಳನ್ನು ಹುರಿದುಂಬಿಸುವ ಬಗೆಯಿದು, ಹಾಗಾಗಿ ಇದನ್ನು ಅಜ್ಜಿಯ ವಿಧಾನ ಎಂದೇ ಕರೆದರು. ಯಂತ್ರದ ಮೇಲೆ ಅಷ್ಟೊಂದು ಭರವಸೆ ಇಟ್ಟ ಸಂಶೋಧಕರೇ ಕೊನೆಗೆ ಅಜ್ಜಿಯನ್ನು ಕರೆತರಬೇಕಾಯಿತು.

ಕೋವಿಡ್ ಕಾಲ ಈ ಪಾಠವನ್ನು ನಮ್ಮ ಮನೆಯೊಳಗೇ ನಡೆಸಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಮುಂಬಯಿಯ ಶಾಲೆಗಳಲ್ಲಿ ಒಂದರಿಂದ ಏಳನೆಯ ತರಗತಿಯವರು ಮರಳಿ ಬೆಂಚಿನ ಮೇಲೆ ಕೂತದ್ದು 2021ರ ಡಿಸೆಂಬರಿನಲ್ಲಿ. ಒಂದೇ ಫೋನು, ಮೂವರು ಮಕ್ಕಳು, ಕೆಲಸಕ್ಕೆ ಹೊರಟ ಅಪ್ಪನ ಜೇಬಿನಲ್ಲಿ ಆ ಫೋನೂ ಹೊರಟಿತು. ಸಾಧನವಿಲ್ಲದವರ ಕಷ್ಟ ಆಗ ಎಲ್ಲರಿಗೂ ಕಂಡಿತು. ಸಾಧನವಿದ್ದೂ ಸೋತವರ ಕಷ್ಟ ಅಷ್ಟಾಗಿ ಕಾಣಲಿಲ್ಲ. ಮನೆಗೆಲಸದ ಫೋಟೊ ತೆಗೆದು ಕಳಿಸಿದರೆ ಅತ್ತಲಿಂದ ಹೆಬ್ಬೆಟ್ಟಿನ ಚಿತ್ರವೊಂದು ಮರಳಿ ಬರುತ್ತಿತ್ತು. ತಪ್ಪಿದ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ‘ಇಲ್ಲಿ ಇನ್ನೊಮ್ಮೆ ಯೋಚಿಸು’ ಎಂದು ಬರೆಯಲು, ಅರವತ್ತು ಫೋಟೊಗಳನ್ನು ಅಂಗೈಯಗಲದ ಪರದೆಯಲ್ಲಿ ನೋಡಬೇಕಾದ ಶಿಕ್ಷಕಿಗೆ ಸಾಧ್ಯವೇ ಇರಲಿಲ್ಲ.

ಈಗ ಸಾಧನದ ಬರ ಬಹುಮಟ್ಟಿಗೆ ನೀಗಿದೆ. ಮುಂಬಯಿಯ ಕೊಳೆಗೇರಿಗಳ ಬಾಲವಾಡಿಗಳಿಂದ 1995ರಲ್ಲಿ ಕೆಲಸ ಆರಂಭಿಸಿದ ‘ಪ್ರಥಮ್’ ಸಂಸ್ಥೆ ಗ್ರಾಮೀಣ ಭಾರತದಲ್ಲಿ ನಡೆಸುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, 14ರಿಂದ 16 ವಯಸ್ಸಿನವರಲ್ಲಿ ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಹಳ್ಳಿಯ ಲೆಕ್ಕವೇ ಹೀಗಿರುವಾಗ ಮಹಾನಗರದ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಮುಂದಿನ ಅಸಮಾನತೆ ಬೇರೆ ಬಗೆಯದು. ಉಳ್ಳವರ ಮಗುವಿನ ಪಕ್ಕದಲ್ಲಿ ಕೂರಲು ಒಬ್ಬರು ಶಿಕ್ಷಕರು ಮನೆಗೇ ಬರುತ್ತಾರೆ. ಇಲ್ಲದವರ ಮಗುವಿನ ಪಾಲಿಗೆ ಪುಕ್ಕಟೆ ಆಪ್ ಬರುತ್ತದೆ. ಪರದೆ ಅಗ್ಗವಾಗುತ್ತಾ, ಮನುಷ್ಯರ ಸಂಗ ತುಟ್ಟಿಯಾಗುತ್ತಾ ಹೋಗುತ್ತಿದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಇಂದಿನ ಕೃತಕ ಬುದ್ಧಿಮತ್ತೆ ಓಗೊಡುತ್ತದಲ್ಲವೇ? ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ, ನಡುರಾತ್ರಿಯಲ್ಲೂ, ನೂರು ಸಲ ಕೇಳಿದರೂ ಸಿಡುಕದೆ ಉತ್ತರಿಸುತ್ತದೆ. ಇದು ಸಾಮಾನ್ಯ ಸಂಗತಿಯಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದಾಗ, ಕನ್ನಡದ ಮಗುವಿನ ‘ಯಾಕೆ? ಹೇಗೆ?’ಗಳಿಗೆ ಕನ್ನಡದಲ್ಲೇ ಉತ್ತರವಿರಬೇಕೆಂಬ ಹಟ ಅವರದಾಗಿತ್ತು. ಆ ಹಟ ಇಂದು ಅಂಗೈಯಲ್ಲಿ ಕೈಗೂಡಿದಂತೆ ಕಾಣುತ್ತದೆ. ಆದರೂ ಯಂತ್ರ ಕೊಡುವುದು ಉತ್ತರ. ‘ಓ’ ಎನ್ನಬೇಕಾದರೆ ಬೇರೊಂದು ಕೆಲಸವನ್ನು ಬಿಟ್ಟು ತಿರುಗಬೇಕು, ಆ ಬಿಡುವಿಕೆಯ ಬೆಲೆ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ. ಓಗೊಟ್ಟವರ ಮೇಲೆ ಹೊಣೆಯೂ ಬೀಳುತ್ತದೆ. ತಪ್ಪು ಹೇಳಿದರೆ ನಾಳೆ ಮುಖ ತೋರಿಸಬೇಕಾದವರು ಅವರು. ‘ಗೊತ್ತಿಲ್ಲ ಮಗಾ, ನೋಡೋಣ ಬಾ’ ಎಂದು ಹಿರಿಯರೊಬ್ಬರು ಒಪ್ಪಿಕೊಂಡ ಗಳಿಗೆಯಲ್ಲಿ ಮಗು ಕಲಿಯುವುದು, ತಿಳಿಯದಿರುವುದು ನಾಚಿಕೆಯ ಮಾತಲ್ಲ, ಹುಡುಕುವುದು ಇಬ್ಬರ ಕೆಲಸ ಎಂಬುದನ್ನು. ಯಂತ್ರವನ್ನು ಆ ಹುಡುಕಾಟದಲ್ಲಿ ಬಳಸಿಕೊಳ್ಳಲಿ. ಹಿರಿಯರ ಆಸನದಲ್ಲಿ ಅದನ್ನು ಕೂರಿಸುವುದು ಬೇಡ.

ನಾಲ್ಕು: ‘ಕೊಡು’ ಮತ್ತು ‘ಕೋಡು’

ಮುಂಬಯಿಯ ಕನ್ನಡದ ಮನೆ ಎಂದರೆ ಹಲವು ಭಾಷೆಗಳ ಮನೆ. ಅಡುಗೆಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಗನ್ನಡವೋ, ಸಂಘದ ಸಭೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಬಿಲ್ಡಿಂಗಿನ ಕೆಳಗೆ ಆಟಕ್ಕೆ ಹಿಂದಿ. ಮಹಾನಗರಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸಿದ ನಗರವಿದು, ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದದ್ದು ತಮಗೆ ತಿಳಿದೇ ಇದೆ. ಹೀಗೆ ಶಾಲೆ ಕೈಬಿಟ್ಟ ಭಾಷೆಯನ್ನು ಮನೆ ಹಿಡಿದಿಟ್ಟುಕೊಳ್ಳಬೇಕಾದ ಹೊತ್ತಿಗೇ ಪರದೆ ಮನೆಯೊಳಗೆ ಬಂದಿತು. ಪರದೆಯಲ್ಲಿ ತಾನಾಗಿ ಮುಂದೆ ಬರುವುದು ಹೆಚ್ಚು ಜನ ನೋಡುವ ಭಾಷೆ. ಯಾರೂ ಕನ್ನಡವನ್ನು ನಿಷೇಧಿಸಬೇಕಾಗಿಲ್ಲ, ಅದು ಪಟ್ಟಿಯಲ್ಲಿ ಕೆಳಕ್ಕೆ ಸರಿದರೆ ಸಾಕು.

ಆದರೆ ಅದೇ ತಂತ್ರಜ್ಞಾನ ನಮಗೆ ಕೊಟ್ಟದ್ದೂ ಉಂಟು. ಊರಿಗೆ ಹೋದಾಗ ಹೊತ್ತು ತರಬೇಕಾಗಿದ್ದ ಮಕ್ಕಳ ಪುಸ್ತಕ ಈಗ ಕುಳಿತಲ್ಲಿ ಸಿಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ಅದೇ ಕತೆಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಪಕ್ಕಪಕ್ಕ ಇಟ್ಟು ಓದುವ ಸೌಕರ್ಯ ಮುಂಬಯಿಯ ಮಗುವಿಗೆ ಹೇಳಿ ಮಾಡಿಸಿದ್ದು.

ಪುಸ್ತಕ ಸಿಕ್ಕ ಮೇಲೆ ಓದಿಸುವವರು ಬೇಕು. ಈ ಕೊರತೆಯನ್ನು ಮನಗಂಡು ಕೆಲಸಕ್ಕಿಳಿದ ಸಂಸ್ಥೆಗಳಲ್ಲಿ ‘ಚಿಣ್ಣರ ಬಿಂಬ’ದ ಹೆಸರನ್ನು ಹೇಳಲೇಬೇಕು. ನಗರ-ಉಪನಗರಗಳ ಹಲವು ಶಿಬಿರಗಳಲ್ಲಿ ಅದು ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಅಕ್ಷರ, ಭಜನೆ, ಭಾವಗೀತೆ, ನಾಟಕಗಳನ್ನು ಕಲಿಸುತ್ತ ಬಂದಿದೆ. ಇಂಥ ಕನ್ನಡ ತರಗತಿಯೊಂದರ ಒಂದು ನಿಮಿಷವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಮುಂಬಯಿಯ ಮಗುವಿಗೆ ‘ಳ’ ಕಷ್ಟವಾಗುವುದಿಲ್ಲ, ಮರಾಠಿಯಲ್ಲಿ ಅದನ್ನು ಆಗಲೇ ಕಲಿತಿದೆ. ತೊಡರುವುದು ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ಗಳಲ್ಲಿ. ಶಾಲೆಯಲ್ಲಿ ಕಲಿತ ಮರಾಠಿ, ಹಿಂದಿಯ ಬರಹದಲ್ಲಿ ಈ ಹ್ರಸ್ವ-ದೀರ್ಘ ಭೇದವಿಲ್ಲ. ಹಾಗಾಗಿ ಮಗು ‘ಟೀಚರ್, ಪೆನ್ಸಿಲ್ ಕೋಡು’ ಎನ್ನುತ್ತದೆ. ಟೀಚರು ನಗುತ್ತ, ಎರಡು ಬೆರಳು ಹಣೆಯ ಮೇಲಿಟ್ಟು, ‘ಕೋಡು ಎಮ್ಮೆಗೆ ಇರೋದು. ಪೆನ್ಸಿಲ್ ಕೊ-ಡಿ’ ಎನ್ನುತ್ತಾರೆ. ಇಡೀ ತರಗತಿ ನಗುತ್ತದೆ, ಮಗುವೂ ನಗುತ್ತದೆ. ಹ್ರಸ್ವ-ದೀರ್ಘದ ಜೊತೆಗೆ ಹಿರಿಯರಿಗೆ ‘ಕೊಡಿ’ ಎನ್ನಬೇಕೆಂಬ ಮರ್ಯಾದೆಯ ಪಾಠವೂ ಅದೇ ಉಸಿರಿನಲ್ಲಿ ಆಗಿಹೋಗಿರುತ್ತದೆ. ಆಪ್ ಒಂದು ‘ತಪ್ಪು’ ಎಂದು ಕೆಂಪು ಗುರುತು ತೋರಿಸೀತು. ಈ ತಪ್ಪು ಎಲ್ಲಿಂದ ಬಂತು, ಇದರಲ್ಲಿ ನಗುವಂಥದ್ದೇನು ಎಂಬುದು ಆ ಬಹುಭಾಷೆಯ ಓಣಿಯಲ್ಲೇ ನಡೆದವರಿಗೆ ಗೊತ್ತು.

ಐದು: ಕಣ್ಣು, ನಿದ್ದೆ, ಬಯಲು

ಆರಂಭದಲ್ಲಿ ಬದಿಗಿಟ್ಟ ‘ಎಷ್ಟು ಹೊತ್ತು’ ಎಂಬ ಪ್ರಶ್ನೆಗೆ ಈಗ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರುಷದೊಳಗಿನವರಿಗೆ ಮಾರ್ಗಸೂಚಿ ಪ್ರಕಟಿಸಿತು. ಎರಡು ವರುಷದ ತನಕ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸೂಚನೆಗಳೂ ಬಹುಮಟ್ಟಿಗೆ ಹೀಗೆಯೇ ಇವೆ. ಐದರಿಂದ ಹತ್ತು ವರುಷದವರಿಗೆ ಎರಡು ಗಂಟೆಯೊಳಗೆ ಎಂಬ ಮಿತಿಯನ್ನು ಅದು ಹೇಳುತ್ತದೆ. ಎರಡು ವರುಷದೊಳಗಿನವರಿಗೆ ಅದು ಕೊಟ್ಟ ವಿನಾಯಿತಿ ಒಂದೇ: ಬಂಧುಗಳೊಡನೆ ಆಗೀಗ ವೀಡಿಯೊ ಕರೆ. ವೈದ್ಯರೂ ಅಜ್ಜಿಗೆ ಬಾಗಿಲು ತೆರೆದಿಟ್ಟಿದ್ದಾರೆ.

ಪರದೆಯ ದೊಡ್ಡ ಕೇಡು ಅದರೊಳಗೆ ಇರುವುದಕ್ಕಿಂತ, ಅದು ಯಾವುದರ ಹೊತ್ತನ್ನು ಕಬಳಿಸುತ್ತದೆ ಎಂಬುದರಲ್ಲಿದೆ. ಮೊದಲು ಹೋಗುವುದು ಬಯಲು. ತಲೆಗೆ ಒಂದು ಚಾಪೆ ಹಾಸುವಷ್ಟು ತೆರೆದ ಜಾಗವೂ ದಕ್ಕದ ನಗರವಿದು. ಇರುವ ಸೊಸೈಟಿ ಅಂಗಳದಲ್ಲೂ ಕಾರುಗಳ ಸಾಲು, ‘ಇಲ್ಲಿ ಚೆಂಡಾಟ ಆಡಬಾರದು’ ಎಂಬ ಫಲಕ. ಆಟವನ್ನು ನಿಷೇಧಿಸಿದ ಸೊಸೈಟಿಯೇ ಸಭೆ ಸೇರಿ ಮಕ್ಕಳ ಮೊಬೈಲ್ ಚಟದ ಬಗ್ಗೆ ಮರುಗುತ್ತದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ ನಲವತ್ತು ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರುಷ ಗಮನಿಸಿದರು. ಸಮೀಪದೃಷ್ಟಿ ದೋಷ ಬಂದವರು ಆ ಗುಂಪಿನಲ್ಲಿ ನೂರಕ್ಕೆ ಸುಮಾರು ಮೂವತ್ತು, ಉಳಿದವರಲ್ಲಿ ಸುಮಾರು ನಲವತ್ತು ಮಂದಿ. 2015ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಔಷಧಿಯಿಲ್ಲ, ಯಂತ್ರವಿಲ್ಲ. ಇದ್ದದ್ದು ಹಗಲಿನ ಬೆಳಕು. ವಡಾಲ-ಮಾಟುಂಗದವರಿಗೆ ಫೈವ್ ಗಾರ್ಡನ್, ದಾದರಿನವರಿಗೆ ಶಿವಾಜಿ ಪಾರ್ಕ್, ಬೊರಿವಲಿಯವರಿಗೆ ರಾಷ್ಟ್ರೀಯ ಉದ್ಯಾನ ನಿಲುಕುವ ದೂರದಲ್ಲಿವೆ. ಕರೆದೊಯ್ಯುವ ಕೈ ಬೇಕು.

ಎರಡನೆಯದಾಗಿ ಹೋಗುವುದು ನಿದ್ದೆ. ಆರರಿಂದ ಹನ್ನೆರಡು ವರುಷದವರಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ, ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಮಾತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ ನಾಲ್ಕನೆಯ ತರಗತಿಯವರೆಗಿನ ಪಾಠಗಳು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಆರಂಭವಾಗಬಾರದೆಂದು ಸೂಚಿಸಿದ್ದು ಮಕ್ಕಳು ತಡವಾಗಿ ಮಲಗುವುದನ್ನು ಗಮನಿಸಿಯೇ. ರಾತ್ರಿ ಒಂಬತ್ತೂವರೆಗೆ ಲೋಕಲ್ ಇಳಿದು ಬರುವ ತಂದೆಗಾಗಿ ಕಾಯುವ ಮಗು ಬೇಗ ಮಲಗುವುದಾದರೂ ಹೇಗೆ? ಇದು ಮನೆಯ ಶಿಸ್ತಿನ ಪ್ರಶ್ನೆಯಾಗಿರುವಷ್ಟೇ ನಗರದ ರಚನೆಯ ಪ್ರಶ್ನೆಯೂ ಹೌದು. ಆದರೆ ಕಾಯುವ ಹೊತ್ತನ್ನು ಫೋನು ತುಂಬಿದಾಗ, ತಂದೆ ಬಂದ ಮೇಲೂ ಅದು ಬಿಟ್ಟುಹೋಗುವುದಿಲ್ಲ.

ನಮ್ಮ ನಾಡಿನ ಊರುಗಳಲ್ಲಿ ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವವೊಂದು ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಬದುಕಿ ಉಳಿಯುವುದಿಲ್ಲ ಎಂಬುದು ಆ ಕಾಲದ ನಂಬಿಕೆ. ಬರಹ ಓದಿದ ದೆವ್ವ ನಾಳೆ ಬರುತ್ತದೆ, ನಾಳೆಯೂ ಅದನ್ನೇ ಓದುತ್ತದೆ. ನಂಬಿಕೆಯನ್ನು ನಂಬಬೇಕಾಗಿಲ್ಲ, ಅದರ ಜಾಣತನವನ್ನು ಮೆಚ್ಚಬಹುದು. ಹದಿನಾಲ್ಕರ ಹುಡುಗಿಯ ದಿಂಬಿನ ಪಕ್ಕದಲ್ಲಿ ಫೋನು ನಡುರಾತ್ರಿ ಗುಂಯ್‌ಗುಡುವುದೂ ಗೆಳತಿಯರ ಹೆಸರಿನಲ್ಲೇ. ಯಾವ ಕರೆಗೆ ಓಗೊಡಬೇಕು, ಯಾವುದಕ್ಕೆ ‘ನಾಳೆ ಬಾ’ ಎನ್ನಬೇಕು ಎಂಬ ವಿವೇಕವೂ ಕಲಿಕೆಯ ಭಾಗ. ಫೋನುಗಳೆಲ್ಲ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಮಲಗುವ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಬೋಧಿಸಬೇಕಾಗುವುದಿಲ್ಲ. ಅಪ್ಪ-ಅಮ್ಮನ ಫೋನೂ ಅಲ್ಲಿರಬೇಕು ಎಂಬುದೊಂದೇ ನಿಬಂಧನೆ.

ಆರು: ಕಾನೂನಿನ ಬೇಲಿ, ದೂರವಾಣಿಯ ತಂತಿ

ಮನೆಯೊಂದೇ ಎಲ್ಲವನ್ನೂ ನಿಭಾಯಿಸಬೇಕೆನ್ನುವುದು ಅನ್ಯಾಯ. ಮಗುವಿನ ಗಮನವನ್ನೇ ಸರಕಾಗಿಸಿ ಮಾರುವ ದೊಡ್ಡ ವ್ಯಾಪಾರದ ಎದುರು ಒಬ್ಬ ತಾಯಿ ಏಕಾಂಗಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ವರುಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಮಕ್ಕಳ ವರ್ತನೆಯ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ತಡೆಯುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ ಹದಿನಾರರೊಳಗಿನವರಿಗೆ ಪ್ರಮುಖ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿದೆ. ಬೇಲಿ ಬೇಕು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿಗೆ ಆಪ್ ಹಾಕಿಕೊಡುವುದು, ‘ಒಪ್ಪಿದೆ’ ಎಂಬಲ್ಲಿ ಒತ್ತುವುದು ಮಗುವೇ. ಬೇಲಿಯ ಬೀಗದ ಕೈ ಯಾರ ಹತ್ತಿರವಿದೆಯೆಂದು ಕಾನೂನಿಗೆ ಕಾಣುವುದಿಲ್ಲ.

ತಂತ್ರಜ್ಞಾನ ಮಕ್ಕಳನ್ನು ಕಾಯಬಲ್ಲದು ಎಂಬುದಕ್ಕೂ ಈ ನಗರದಲ್ಲೇ ಉದಾಹರಣೆಯಿದೆ. 1996ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಕ್ಷೇತ್ರಯೋಜನೆಯಾಗಿ, ರೈಲು ನಿಲ್ದಾಣ, ಬೀದಿಗಳಲ್ಲಿ ಬದುಕುತ್ತಿದ್ದ ಮಕ್ಕಳಿಗಾಗಿ ಚೈಲ್ಡ್‌ಲೈನ್ ಆರಂಭವಾಯಿತು. 1098 ಎಂಬ ಸಂಖ್ಯೆ, ಹಣ ಕೊಡದೆ ಮಾಡಬಹುದಾದ ಕರೆ. ಮುಂಬಯಿಯಲ್ಲಿ ಹುಟ್ಟಿದ ಆ ಸಂಖ್ಯೆ ಇಂದು ದೇಶದ ಎಲ್ಲ ಮಕ್ಕಳದ್ದು. ಅಂದಿನ ತಂತ್ರಜ್ಞಾನ ತಂತಿಯ ಫೋನು, ಅಷ್ಟೆ. ಅದು ಕಾಪಾಡಿದ್ದು, ತಂತಿಯ ಆ ತುದಿಯಲ್ಲಿ ಎತ್ತಿಕೊಂಡು ಮಾತನಾಡುವವರಿದ್ದುದರಿಂದ. ಜಾಲತಾಣದಲ್ಲಿ ಹೆದರಿಕೆಗೆ, ಬ್ಲ್ಯಾಕ್‌ಮೇಲಿಗೆ ಸಿಕ್ಕಿದ ಮಗುವಿಗೂ ಈ ಸಂಖ್ಯೆ ತಿಳಿದಿರಬೇಕು. ಸೈಬರ್ ವಂಚನೆಗೆ 1930 ಎಂಬುದೂ ತಿಳಿದಿರಬೇಕು. ಅದಕ್ಕಿಂತ ಮೊದಲು, ‘ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ’ ಎಂಬ ಭಯವಿಲ್ಲದೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕು.

ಏಳು: ಸಂಘಗಳ ಮುಂದಿರುವ ಕೆಲಸ

ಇಷ್ಟು ವಾದಿಸಿದ ಮೇಲೆ ‘ಹಾಗಾದರೆ ಏನು ಮಾಡೋಣ?’ ಎಂಬುದಕ್ಕೆ ಉತ್ತರಿಸುವ ಹೊಣೆ ನನ್ನದು. ಮನೆಗೆ ನನ್ನ ಸೂಚನೆ ಎರಡೇ. ತುತ್ತಿನ ಹೊತ್ತಿಗೆ ಫೋನು ಬೇಡ. ಕೆಲಸದಿಂದ ಮನೆಗೆ ಬಂದವರು ಚಪ್ಪಲಿ ಬಿಟ್ಟ ಜಾಗದಲ್ಲೇ ಫೋನನ್ನೂ ಬಿಟ್ಟು ಮೊದಲ ಕಾಲುಗಂಟೆಯನ್ನು ಮಗುವಿಗೆ ಕೊಡಲಿ.

ದೊಡ್ಡ ಕೆಲಸ ನಮ್ಮ ಸಂಘಗಳದ್ದು. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಿಂದ ಹಿಡಿದು ಉಪನಗರಗಳ ಕರ್ನಾಟಕ ಸಂಘಗಳವರೆಗೆ, ಜಾತಿ-ಸಮುದಾಯಗಳ ಸಂಸ್ಥೆಗಳವರೆಗೆ, ಈ ತುಟ್ಟಿ ನಗರದಲ್ಲಿ ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಬೆಲೆಬಾಳುವ ವಸ್ತುವೆಂದರೆ ಜಾಗ. ಸಭಾಗೃಹಗಳಲ್ಲಿ ಭಾನುವಾರ ಸನ್ಮಾನ, ಮುಹೂರ್ತದ ದಿನ ಮದುವೆ. ವಾರದ ನಡುವಿನ ಸಂಜೆ ಎಷ್ಟೋ ಕೋಣೆಗಳಿಗೆ ಬೀಗ. ಹಿಂದೆ ರಾತ್ರಿಶಾಲೆ ತೆರೆಯುತ್ತಿದ್ದ ಅದೇ ಹೊತ್ತಿಗೆ, ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ, ಒಂದು ಕೋಣೆಯ ಬೀಗ ತೆಗೆಯೋಣ. ನಾಲ್ಕು ಮೇಜು, ಒಂದು ಕಪಾಟು ಪುಸ್ತಕ, ಎಲ್ಲರಿಗೂ ಕಾಣುವಂತೆ ತಿರುಗಿಸಿಟ್ಟ ಎರಡು ಕಂಪ್ಯೂಟರು ಸಾಕು. ಬ್ಯಾಂಕುಗಳಿಂದ, ಶಾಲೆಗಳಿಂದ ನಿವೃತ್ತರಾದ ಎಷ್ಟೋ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ಇಂದಿನ ಪಠ್ಯ ತಿಳಿದಿರಬೇಕೆಂದಿಲ್ಲ. ಕಲಿಕುಪ್ಪಂನ ಆ ಜೊತೆಗಾರರಂತೆ ‘ನನಗೂ ತೋರಿಸು’ ಎನ್ನಲು ಬಂದರಾಯಿತು.

ಇನ್ನೊಂದು ಮಾತು. ಪ್ರತಿ ಮಳೆಗಾಲದಲ್ಲಿ ನಮ್ಮ ಸಂಘಗಳು ವಿದ್ಯಾರ್ಥಿವೇತನ ಹಂಚುತ್ತವೆ. ವೇದಿಕೆಯ ಮೇಲೆ ಲಕೋಟೆ, ಒಂದು ಫೋಟೊ, ಮುಂದಿನ ವರುಷದವರೆಗೆ ಮೌನ. ಆ ಲಕೋಟೆಯೊಳಗೆ ಚೆಕ್ಕಿನ ಜೊತೆಗೆ ಒಬ್ಬರು ಹಿರಿಯರ ಹೆಸರನ್ನೂ ಇಡೋಣ. ತಿಂಗಳಿಗೊಮ್ಮೆ ಆ ಮಗುವಿಗೆ ಫೋನು ಮಾಡುವುದು, ಎರಡು ಸಲ ಎತ್ತದಿದ್ದರೆ ಮನೆಗೆ ಹೋಗಿ ವಿಚಾರಿಸುವುದು ಅವರ ಕೆಲಸ. ಇದಕ್ಕೆ ದೊಡ್ಡ ನಿಧಿ ಬೇಡ. ಬೇಕಾದದ್ದು ಒಂದು ಉದ್ದನೆಯ ಪುಸ್ತಕ, ಅದರಲ್ಲಿ ಮಕ್ಕಳ ಪೂರ್ತಿ ಹೆಸರು.

ಸಹೃದಯರೆ, ಒಂದು ಕಾಲದಲ್ಲಿ ಈ ನಗರದಲ್ಲಿ ಮೇಷ್ಟರು ಹೆಸರು ಕೂಗಿದರು, ದಣಿದ ಹುಡುಗರು ಎದ್ದು ನಿಂತು ಓಗೊಟ್ಟರು. ಹಾಗೆ ಓಗೊಟ್ಟವರ ಮಕ್ಕಳು, ಮೊಮ್ಮಕ್ಕಳು ನಾವು. ಇಂದು ಹಾಜರಿ ಕೂಗುತ್ತಿರುವವರು ಮಕ್ಕಳು. ಅಡುಗೆಮನೆಯ ಬಾಗಿಲಿನಿಂದ, ಹಾಸಿಗೆಯಿಂದ, ಪರದೆಯ ಆಚೆಯಿಂದ ಅವರು ನಮ್ಮ ಹೆಸರು ಹಿಡಿದು ಕರೆಯುತ್ತಿದ್ದಾರೆ. ಪಟ್ಟಿಯಲ್ಲಿ ನಮ್ಮ ಸರದಿ ಬಂದಾಗ ನಾವು ಹಾಜರಿದ್ದೇವೆಯೇ ಎಂಬುದನ್ನು ತಮ್ಮ ವಿವೇಚನೆಗೆ ಬಿಟ್ಟು ನನ್ನ ಮಾತು ಮುಗಿಸುತ್ತೇನೆ.